ಉಯ್ಯಾಲೆ ಮಣೆಯ ಗಿಟಾರು

ಮೇ ತಿಂಗಳ ರಜೆಗೆ ಮಗಳ ಮಗ ಭಟ್ಕಳದಿಂದ ಹೊನ್ನಾವರಕ್ಕೆ ಬಂದಿದ್ದ. ಏಳನೇ ತರಗತಿ ಮುಗಿಸಿದ ಹುಡುಗ. ಚೀಲ ಕೆಳಗಿಡುವ ಮೊದಲೇ, "ಅಜ್ಜ, ನಾವೊಂದು ಗಿಟಾರ್ ಮಾಡೋಣ" ಎಂದ. "ಕೊಡಿಸು" ಎನ್ನಲಿಲ್ಲ, "ಮಾಡೋಣ" ಎಂದ. ಹಳೇ ವಿಜ್ಞಾನ ಮಾಸ್ತರನಿಗೆ ಅಷ್ಟು ಸಾಕಲ್ಲ!

ಮರ ಎಲ್ಲಿಂದ ತರುವುದು ಎಂದು ನಾವಿಬ್ಬರೂ ಯೋಚಿಸುತ್ತಿದ್ದಾಗ ಅವನ ಅಜ್ಜಿ ಅಟ್ಟದ ಕಡೆ ಕೈ ತೋರಿಸಿದಳು. ಜಗಲಿಯ ಹಳೆಯ ಉಯ್ಯಾಲೆ ಮಣೆ ಅಲ್ಲಿತ್ತು. ಹಲಸಿನ ಮರದ್ದು. ಇವಳು ಮದುವೆಯಾಗಿ ಬಂದಾಗಿನಿಂದ ಅದರ ಮೇಲೆ ಕೂತು ಹೂ ಕಟ್ಟಿದ್ದಾಳೆ, ಮೂರು ಮಕ್ಕಳನ್ನು ಮಲಗಿಸಿದ್ದಾಳೆ. "ಸುಮ್ಮನೆ ಗೆದ್ದಲು ತಿನ್ನುವ ಬದಲು ಹಾಡಲಿ" ಎಂದಳು. ಮದ್ದಳೆಗೂ ವೀಣೆಗೂ ಒಗ್ಗುವ ಮರ ಹಲಸು. ಗಿಟಾರಿಗೆ ಯಾಕಾಗಬಾರದು?

ಆಚಾರಿಯಿಂದ ಮಣೆ ಕೊಯ್ಸಿ ಗಿಟಾರಿನ ಕುತ್ತಿಗೆಯನ್ನೂ ಪೆಟ್ಟಿಗೆಯ ನಾಲ್ಕು ಬದಿಗಳನ್ನೂ ಮಾಡಿದೆವು. ಮೇಲೆ ತೆಳು ಪ್ಲೈವುಡ್. ತಂತಿ ಮೂರೇ. ಅಮೆರಿಕದ ಬಡವರು ಹಿಂದೆ ಸಿಗಾರ್ ಪೆಟ್ಟಿಗೆಗೆ ತಂತಿ ಕಟ್ಟಿ ನುಡಿಸುತ್ತಿದ್ದರಲ್ಲ, ಅದೇ ಜಾತಿಯದು. ಒಳಗೆ ಸ್ವರ ಹಿಡಿಯಲು ಕುಮಟಾದ ರೇಡಿಯೋ ರಿಪೇರಿ ಅಂಗಡಿಯಿಂದ ಒಂದು ಪೀಜೋ ಬಿಲ್ಲೆ ತಂದೆವು. ನಾಣ್ಯದಷ್ಟು ಅಗಲದ ಹಿತ್ತಾಳೆ ತಗಡು, ಅದರ ಮೇಲೆ ಬಿಳಿ ಪಿಂಗಾಣಿಯಂಥ ಪದರ. ಅಲಾರಾಂಗಳಲ್ಲಿ 'ಕೀಂ' ಎನ್ನುವುದು ಇದೇ.

ಮಕ್ಕಳೇ, ನಿಮ್ಮ ಅಡುಗೆಮನೆಯಲ್ಲೂ ಇದರ ಅಣ್ಣ ಇದ್ದಾನೆ. ಒತ್ತಿದರೆ 'ಕಟ್' ಎಂದು ಕಿಡಿ ಹಾರಿಸುವ ಗ್ಯಾಸ್ ಲೈಟರ್! ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ಫ್ರಾನ್ಸಿನ ಅಣ್ಣತಮ್ಮಂದಿರಾದ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಕಂಡುಹಿಡಿದರು. ತಮ್ಮ ಪಿಯರ್‌ಗೆ ಆಗ 21 ವರ್ಷ. ಲೈಟರಿನಲ್ಲಿ ಸುತ್ತಿಗೆಯ ಪೆಟ್ಟು ಬಿದ್ದರೆ ಕಿಡಿ. ಗಿಟಾರಿನಲ್ಲಿ ಮರದ ನಡುಕ ತಾಗಿದರೆ ಸಣ್ಣ ವಿದ್ಯುತ್ ಅಲೆ. ಆ ಅಲೆಯನ್ನು ದೊಡ್ಡದು ಮಾಡಿದರೆ ಸ್ಪೀಕರಿನಲ್ಲಿ ಹಾಡು.

ಬಿಲ್ಲೆಯನ್ನು ಕುದುರೆಯ ನೇರ ಕೆಳಗೆ, ಒಳಗಡೆಯಿಂದ ಅಂಟಿಸಿ, ಮಗಳ ಮನೆಯ ಹಾಡುವ ಸ್ಪೀಕರ್ ಪೆಟ್ಟಿಗೆಯ ಮೈಕ್ ತೂತಿಗೆ ಚುಚ್ಚಿದೆವು. ಮೊಮ್ಮಗ ದಪ್ಪ ತಂತಿ ಮೀಟಿದ. ತಗಡಿನ ಡಬ್ಬಕ್ಕೆ ಮೊಳೆ ಉಜ್ಜಿದ ಹಾಗೆ ಕೇಳಿತು! ಅಜ್ಜಿ ಏನೂ ಹೇಳದೆ ಒಳಗೆ ಹೋದಳು. ನಾನಾದರೂ ಸುಮ್ಮನಿರಬಾರದೇ? "ಬದಿ ತೆಳುವಾಯಿತೇನೋ. ಮಣೆ ಹಾಳಾಯ್ತು" ಎಂದುಬಿಟ್ಟೆ. ಹುಡುಗ ಗಿಟಾರನ್ನು ಗೋಡೆಗೆ ಆನಿಸಿಟ್ಟು ಎದ್ದು ಹೋದ. ಅಜ್ಜಿಯ ಮಣೆ ತನ್ನಿಂದ ಕೆಟ್ಟಿತು ಎಂದು ರಾತ್ರಿ ಸರಿಯಾಗಿ ಊಟವನ್ನೂ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ಬಂದು ಕೇಳಿದ: "ಅಜ್ಜ, ರೈಲು ಶರಾವತಿ ಸೇತುವೆ ದಾಟುವಾಗ ಗುಡುಗುಡು ಅನ್ನುವುದು ಕಾಲಿಗೇ ತಾಗುತ್ತದಲ್ಲ, ಹಾಗೆ ಗಿಟಾರಿನದ್ದೂ ಕೈಗೆ ಗೊತ್ತಾಗುತ್ತದಾ?" ಎರಡು ಕಿಲೋಮೀಟರಿಗೂ ಉದ್ದದ ಆ ಸೇತುವೆಯ ಮೇಲೆ ಅವನು ಬಂದು ಇನ್ನೂ ವಾರವಾಗಿತ್ತಷ್ಟೆ. ಸ್ಪೀಕರ್ ಆರಿಸಿ, ಅವನು ದಪ್ಪ ತಂತಿ ಮೀಟಿದ, ನಾನು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟೆ. ಗುಮ್ಮೆಂದು ನಡುಗಿತು! ಗಂಭೀರ ಸ್ವರ ಮರದೊಳಗೆ ಪೂರ್ತಿ ಇತ್ತು. ಮಣೆ ಹಾಳಾಗಿರಲಿಲ್ಲ. ಮರಕ್ಕೂ ಸ್ಪೀಕರಿಗೂ ನಡುವೆ ಎಲ್ಲೋ ಸ್ವರ ಸೋರಿಹೋಗುತ್ತಿತ್ತು.

ಎಲ್ಲಿ ಸೋರುತ್ತಿತ್ತು? ಪೀಜೋ ಬಿಲ್ಲೆ ಎಂದರೆ ಬಲು ಸಣ್ಣ ಕೊಡ ಎಂದುಕೊಳ್ಳಿ. ಅದು ಹಿಡಿಯುವ ವಿದ್ಯುತ್ತೇ ಸ್ವಲ್ಪ. ಮೈಕ್ ತೂತು ಆ ಕೊಡದ ಬುಡದ ಕಿಂಡಿ. ಕಿಂಡಿ ದೊಡ್ಡದಿದ್ದರೆ, ನಿಧಾನಕ್ಕೆ ತುಂಬುವ ಗಂಭೀರ ಸ್ವರ ತುಂಬುವ ಮೊದಲೇ ಖಾಲಿ. ಸರಸರನೆ ಬಂದುಹೋಗುವ ಕೀರಲು ಸ್ವರ ಮಾತ್ರ ಉಳಿಯುತ್ತದೆ.

ಲೆಕ್ಕ ಬೇಕೆನ್ನುವ ದೊಡ್ಡ ಮಕ್ಕಳಿಗೆ: 27 ಮಿಲಿಮೀಟರ್ ಬಿಲ್ಲೆಯ ಧಾರಕತೆ ಸುಮಾರು 20 ನ್ಯಾನೋಫ್ಯಾರಡ್. ಮೈಕ್ ತೂತಿನ ತಡೆ 10,000 ಓಮ್ ಎಂದಿಟ್ಟುಕೊಳ್ಳಿ. 1ನ್ನು (6.28 × 10,000 × 0.00000002) ಇಂದ ಭಾಗಿಸಿದರೆ ಸುಮಾರು 800. ಸೆಕೆಂಡಿಗೆ 800 ಕಂಪನಕ್ಕಿಂತ ಕೆಳಗಿನ ಸ್ವರಗಳೆಲ್ಲ ಇಳಿಯುತ್ತಾ ಹೋಗುತ್ತವೆ. ನಮ್ಮ ದಪ್ಪ ತಂತಿಯ ಸ್ವರ 98 ಕಂಪನದ್ದು. ಅದರಲ್ಲಿ ಸ್ಪೀಕರಿಗೆ ತಲುಪಿದ್ದು ಎಂಟರಲ್ಲೊಂದು ಪಾಲು! ಅದೇ ತಡೆ 10 ಲಕ್ಷ ಓಮ್ ಇದ್ದರೆ ಉತ್ತರ 8 ಕಂಪನ. ಆಗ ಎಲ್ಲ ಸ್ವರವೂ ಪಾರು.

ಹಾಗಾಗಿ ಮತ್ತೆ ಕುಮಟಾಕ್ಕೆ ಹೋಗಿ ಒಂದು ಎಫ್‌ಇಟಿ ಟ್ರಾನ್ಸಿಸ್ಟರ್, 10 ಲಕ್ಷ ಓಮಿನ ರೆಸಿಸ್ಟರ್, ಇನ್ನೆರಡು ಚಿಲ್ಲರೆ ಸಾಮಾನು ತಂದೆವು. ಒಟ್ಟು ಖರ್ಚು ನಮ್ಮಿಬ್ಬರ ಬನ್ಸು-ಚಹಾಕ್ಕಿಂತ ಕಡಿಮೆ! ಒಂಬತ್ತು ವೋಲ್ಟ್ ಬ್ಯಾಟರಿಯಿಂದ ನಡೆಯುವ ಈ ಪುಟ್ಟ ಮಂಡಲಕ್ಕೆ 'ಬಫರ್' ಎಂದು ಹೆಸರು. ಬಿಲ್ಲೆಯ ಪಿಸುಮಾತನ್ನು ತಾಳ್ಮೆಯಿಂದ ಕೇಳಿಸಿಕೊಂಡು, ಸ್ಪೀಕರಿಗೆ ಗಟ್ಟಿ ದನಿಯಲ್ಲಿ ಹೇಳುವ ಮಧ್ಯಸ್ಥ. ಬೆಸುಗೆ ನಾನು ಹಾಕಿದೆ, ದೀಪ ಅವನು ಹಿಡಿದ.

ದಪ್ಪ ಸ್ವರ ಬಂತು. ಆದರೆ ಜೊತೆಗೆ ದುಂಬಿಯ ಹಾಗೆ ಒಂದು ಗುಂಯ್ ಕೂಡ ಬಂತು. ಅದು ಮನೆಯ ಕರೆಂಟಿನ 50 ಕಂಪನದ ಗುಂಯ್. ಮೊದಲು ಅದೂ ಸೋರಿಹೋಗುತ್ತಿತ್ತು. ಬಾಗಿಲು ತೆರೆದರೆ ನೆಂಟರ ಜೊತೆ ಸೊಳ್ಳೆಯೂ ಬರುತ್ತದಲ್ಲ! ಸುತ್ತ ಜಾಲರಿ ಹೊದಿಕೆಯಿರುವ ಶೀಲ್ಡ್ ವೈರನ್ನು ಗಿಡ್ಡವಾಗಿ ಹಾಕಿ, ಪೆಟ್ಟಿಗೆಯ ಒಳಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಅದನ್ನೂ ಬಿಲ್ಲೆಯ ಹಿತ್ತಾಳೆ ಬದಿಯನ್ನೂ ಜಾಲರಿಗೆ ಸೇರಿಸಿದೆವು. ಗುಂಯ್ ಬಹುಮಟ್ಟಿಗೆ ಅಡಗಿತು.

ಕೊನೆಯದು ಜಾಗದ ಪ್ರಶ್ನೆ. ಈ ಬಿಲ್ಲೆ ಹುಟ್ಟಿದ್ದೇ ಕಿರುಚಲು. ಸುಮಾರು 4,000 ಕಂಪನದ ಹತ್ತಿರ ತಾನೇ ಜೋರಾಗಿ ನಡುಗುವುದು ಅದರ ಗುಣ. ಕುದುರೆಯ ಅಡಿಯಲ್ಲಿ ಪ್ರತಿ ಮೀಟಿಗೂ ಪೆಟ್ಟು ತಿಂದು ಇನ್ನೂ ಕಿರುಚುತ್ತಿತ್ತು. ಹುಡುಗ ಅದನ್ನು ಎರಡು ಬದಿ ಅಂಟುವ ಟೇಪಿನಲ್ಲಿ ಅಲ್ಲಲ್ಲಿ ಅಂಟಿಸಿ, ಮೀಟಿ, ಕಣ್ಣು ಮುಚ್ಚಿ ಕೇಳಿದ. ಏಳು ಕಡೆ ನೋಡಿದ ಮೇಲೆ ಕುದುರೆಯಿಂದ ಮೂರು ಬೆರಳು ದೂರದ ಜಾಗ ಒಪ್ಪಿತು. ಬಿಲ್ಲೆಯ ಬೆನ್ನಿಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ ಮೇಲೆ ಕಿರುಚಾಟವೂ ತಗ್ಗಿತು.

ಮಾಡಿ ನೋಡುವ ಮಕ್ಕಳಿಗೆ ಎರಡು ಮಾತು. ಬಿಲ್ಲೆಯ ಬಿಳಿ ಪದರದಲ್ಲಿ ಸೀಸ ಇರುತ್ತದೆ. ಅದನ್ನು ಕತ್ತರಿಸಬೇಡಿ, ಉಜ್ಜಬೇಡಿ, ಮುಟ್ಟಿದ ಕೈ ತೊಳೆಯಿರಿ. ಬೆಸುಗೆ ದೊಡ್ಡವರೇ ಹಾಕಲಿ. ಬ್ಯಾಟರಿಯಲ್ಲೇ ಆಡಿ, ಗೋಡೆಯ ಪ್ಲಗ್ಗಿನ ತಂಟೆ ಬೇಡ.

ಅಜ್ಜಂದಿರಿಗೆ ಒಂದೇ ಮಾತು. ಸ್ವರ ಸರಿಯಿಲ್ಲದಾಗ ಮರವನ್ನೋ ಹುಡುಗನನ್ನೋ ಬೈಯುವ ಮೊದಲು ಒಮ್ಮೆ ಅಂಗೈ ಇಟ್ಟು ನೋಡಿ. ಅವನಿಗೆ "ತಪ್ಪು ನನ್ನದು ತಮ್ಮಾ, ನೋಡದೆ ಹೇಳಿದೆ" ಎಂದು ಹೇಳಿದೆ. "ಹೋಗಲಿ ಬಿಡು ಅಜ್ಜ, ತಂತಿ ಹಿಡಿ" ಎಂದ.

ಆ ಸಂಜೆ ಜಗಲಿಯಲ್ಲಿ ನುಡಿಸಿದ. ಅಜ್ಜಿ ಹೂ ಕಟ್ಟುತ್ತಾ ಕೇಳಿದಳು. ಮುಗಿದ ಮೇಲೆ ಗಿಟಾರಿನ ಬದಿಯಲ್ಲಿ ಹಳೆಯ ಸರಪಳಿಯ ತೂತಿನ ಗುರುತನ್ನು ಬೆರಳಿನಿಂದ ಸವರಿ, "ಇನ್ನೊಂದು ಸಲ ಬಾರಿಸು" ಎಂದಳು.