ಡಿಸ್ಚಾರ್ಜ್ ಆದ ಮೇಲೆ ಯಾರು ಫೋನ್ ಮಾಡ್ತಾರೆ?

ಉಚ್ಚಿಲದಲ್ಲಿರುವ ನಮ್ಮ ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲಿಗೆ ಒಂದು ಡಯಟ್ ಚಾರ್ಟ್ ಅಂಟಿಸಿದೆ. ಬೆಳಿಗ್ಗೆ ಓಟ್ಸ್, ಹನ್ನೊಂದಕ್ಕೆ ಸೇಬು, ಮಧ್ಯಾಹ್ನ ಎರಡು ಚಪಾತಿ, ರಾತ್ರಿ ಸೂಪು. ಕುಚ್ಚಲಕ್ಕಿ ಗಂಜಿ ಇಲ್ಲ, ಬಂಗುಡೆ ಇಲ್ಲ, ನೀರುದೋಸೆಯ ಹೆಸರೂ ಇಲ್ಲ. ಹನ್ನೊಂದು ವರ್ಷದ ಅಳಿಯ ಅದನ್ನು ಪೂರ್ತಿ ಓದಿ, "ಮಾಮ, ಇದು ಯಾವ ಊರಿನವರ ಊಟ?" ಅಂತ ಕೇಳಿದ.

ಅವನಿಗೆ ಬೊಜ್ಜಿನ ಚಿಕಿತ್ಸೆ ಆಗಿತ್ತು. ಆಸ್ಪತ್ರೆ ಯಾವುದು ಅನ್ನೋದು ಬೇಡ, ಎಲ್ಲ ಕಡೆಯೂ ಕಥೆ ಇದೇ. ಹನ್ನೆರಡು ವಾರ, ವಾರಕ್ಕೊಂದು ಭೇಟಿ. ಅಕ್ಕ ಕೆಲಸಕ್ಕೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಕರೆದುಕೊಂಡು ಹೋಗುತ್ತಿದ್ದಳು. ನಾಲ್ಕು ಕೆಜಿ ಇಳಿಯಿತು. ಮೇ ಕೊನೆಗೆ "ವೆರಿ ಗುಡ್, ಆರು ತಿಂಗಳು ಬಿಟ್ಟು ಬನ್ನಿ" ಅಂದರು.

ಆಮೇಲೆ ಮಳೆ ಹಿಡಿಯಿತು. ಕರಾವಳಿಯ ಮಳೆ ಗೊತ್ತಲ್ಲ, ಮೈದಾನ ಕೆರೆಯಾಗುತ್ತದೆ, ಸೈಕಲ್ ಅಂಗಳದಲ್ಲೇ ತುಕ್ಕು ಹಿಡಿಯುತ್ತದೆ. ಚತುಷ್ಪಥ ಹೆದ್ದಾರಿ ದಾಟಿ ಆಡಲು ಹೋಗು ಅಂತ ಮಗುವಿಗೆ ಹೇಳುವ ಧೈರ್ಯ ಬಿಸಿಲಲ್ಲೂ ಯಾರಿಗೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಮಲ್ಪೆಗೆ ಹೋಗುವ ಬಾವ ಮನೆಯಲ್ಲೇ. ಅಪ್ಪ ಮನೆಯಲ್ಲಿದ್ದರೆ ಸಂಜೆ ಗೋಳಿಬಜೆ ಆಗದೆ ಇರುತ್ತದಾ? ಸೆಪ್ಟೆಂಬರ್‌ಗೆ ಹಬ್ಬ, ಆಮೇಲೆ ಮಹಾಲಕ್ಷ್ಮಿ ದೇವಸ್ಥಾನದ ದಸರಾ. ಆರು ತಿಂಗಳು ಬಿಟ್ಟು ತಕ್ಕಡಿ ಹತ್ತಿದಾಗ ಇಳಿದ ನಾಲ್ಕೂ ವಾಪಸ್, ಮೇಲೆ ಮೂರು ಬಡ್ಡಿ.

"ನೀವೇನ್ರೀ ಮಾಡ್ತಾ ಇದ್ರಿ ಇಷ್ಟು ದಿನ?" ಡಾಕ್ಟರ್ ಅಕ್ಕನಿಗೆ ಕೇಳಿದ್ದು ಹುಡುಗನ ಎದುರಿಗೇ. ನಾನೂ ಅಲ್ಲೇ ಇದ್ದೆ, ಸುಮ್ಮನಿದ್ದೆ. ಅಲ್ಲಿ ಕೇಳಬೇಕಿದ್ದದ್ದನ್ನು ಈಗ ಕೇಳುತ್ತೇನೆ: ಡಾಕ್ಟ್ರೇ, ನೀವೇನು ಮಾಡ್ತಾ ಇದ್ರಿ?

ಆ ಆರು ತಿಂಗಳಲ್ಲಿ ಒಂದೇ ಒಂದು ಫೋನ್ ಬಂದಿರಲಿಲ್ಲ. ಸುಳ್ಳು ಹೇಳಬಾರದು, ಒಂದು ಬಂದಿತ್ತು. "ನಮ್ಮ ಸೇವೆಗೆ ಐದರಲ್ಲಿ ಎಷ್ಟು ಸ್ಟಾರ್ ಕೊಡ್ತೀರಿ?"

ತೂಕ ಇಳಿದ ಮೇಲೆ ದೇಹ ಸುಮ್ಮನೆ ಕೂರುವುದಿಲ್ಲ ಅನ್ನೋದು ಅವರಿಗೆ ಗೊತ್ತಿಲ್ಲದ ವಿಷಯವೇ? ಹೊಟ್ಟೆ ತುಂಬಿತು ಅಂತ ಮೆದುಳಿಗೆ ಹೇಳುವ ಲೆಪ್ಟಿನ್ ಕಡಿಮೆಯಾಗುತ್ತದೆ, ಹಸಿವು ಎಬ್ಬಿಸುವ ಗ್ರೆಲಿನ್ ಏರುತ್ತದೆ. ಹುಡುಗ ಹಟಮಾರಿಯಾದದ್ದಲ್ಲ, ಅವನಿಗೆ ನಿಜವಾಗಿಯೂ ಹಸಿವು ಜಾಸ್ತಿ. ಕಷ್ಟದ ಕಾಲ ಶುರುವಾಗುವುದೇ ಅಲ್ಲಿ, ನಾವು ಕೈಬಿಡುವುದೂ ಅಲ್ಲೇ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2023ರ ಮಾರ್ಗಸೂಚಿಯಲ್ಲಿ 3ರಿಂದ 12 ತಿಂಗಳ ಅವಧಿಯಲ್ಲಿ ಮಗು ಮತ್ತು ಕುಟುಂಬದ ಜೊತೆ ಕನಿಷ್ಠ 26 ಗಂಟೆ ಎದುರು ಕೂತು ಕೆಲಸ ಮಾಡಬೇಕು ಅಂದಿದೆ. ನಮ್ಮ ಹುಡುಗನಿಗೆ ಸಿಕ್ಕಿದ್ದು ಹನ್ನೆರಡು ಭೇಟಿ, ತಲಾ ಹತ್ತು ನಿಮಿಷ. ಗುಣಿಸಿದರೆ ಎರಡು ಗಂಟೆ. ಅಷ್ಟಕ್ಕೆ ತಾಯಿಯನ್ನು ಕಟಕಟೆಗೆ ಹತ್ತಿಸೋದು ಸುಲಭ.

ಹಿಂಬಾಲಿಸುವ ಪದ್ಧತಿಯೇ ನಮ್ಮಲ್ಲಿಲ್ಲ ಅಂದುಕೊಳ್ಳಬೇಡಿ. ತೀವ್ರ ಅಪೌಷ್ಟಿಕತೆಯ ಐದು ವರ್ಷದೊಳಗಿನ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರೆ, ಮನೆಗೆ ಕಳಿಸಿದ ಮೇಲೂ ಹದಿನೈದು ದಿನಕ್ಕೊಮ್ಮೆ ಕರೆಸಿ ನೋಡಬೇಕು ಅನ್ನೋ ನಿಯಮವಿದೆ. ಆಶಾ, ಅಂಗನವಾಡಿ ಕಾರ್ಯಕರ್ತೆಯರು ಮನೆಗೇ ಬಂದು ವಿಚಾರಿಸುತ್ತಾರೆ. ಅದು ಬೇಕೇ ಬೇಕು, ಅದರಿಂದ ಒಂದು ಪೈಸೆಯೂ ಕಡಿಮೆಯಾಗಬಾರದು. ಆದರೆ ತೆಳ್ಳಗಿನ ಮಗು ಸರ್ಕಾರದ ಜವಾಬ್ದಾರಿ, ದಪ್ಪ ಮಗು ಅಮ್ಮನ ತಪ್ಪು ಅನ್ನೋದು ಯಾವ ನ್ಯಾಯ ಮಾರಾಯ್ರೇ? ಒಬ್ಬನನ್ನು ಕಂಡರೆ 'ಪಾಪ', ಇನ್ನೊಬ್ಬನನ್ನು ಕಂಡರೆ ನಗು.

ವಿಮೆಯವರದ್ದು ಇನ್ನೊಂದು ತಮಾಷೆ. ಪಾಲಿಸಿಯ ಹೊರಗಿಡುವ ಪಟ್ಟಿಯಲ್ಲಿ ಬೊಜ್ಜಿನ ಷರತ್ತು ಓದಿ ನೋಡಿ. ಶಸ್ತ್ರಚಿಕಿತ್ಸೆಗೆ ದುಡ್ಡು ಬೇಕಾದರೆ 18 ತುಂಬಿರಬೇಕು, ಬಿಎಂಐ 40 ಮುಟ್ಟಿರಬೇಕು, ಜೊತೆಗೆ ಗಂಭೀರ ಕಾಯಿಲೆ ಇದ್ದರೆ 35. ಅಂದರೆ ಮಗು ಬೆಳೆದು, ಬೊಜ್ಜೂ ಬೆಳೆದು, ಕಾಯಿಲೆ ಬಂದ ಮೇಲೆ ಬನ್ನಿ. ಅಲ್ಲಿಯವರೆಗೆ ಒಂದು ಫೋನಿನ ಖರ್ಚೂ ನಮ್ಮದಲ್ಲ.

ಇದನ್ನು ಓದುತ್ತಿರುವ ನಮ್ಮಂಥವರ ಕಡೆ ಒಮ್ಮೆ ನೋಡಿ. ಬೆಂಗಳೂರಿನಲ್ಲಿ ನನ್ನ ಕಂಪನಿ ಕೊಟ್ಟಿರುವ ವೆಲ್‌ನೆಸ್ ಕೋಚ್ ಪ್ರತಿ ಬುಧವಾರ ಕರೆ ಮಾಡಿ ಎಷ್ಟು ಹೆಜ್ಜೆ ನಡೆದೆ ಅಂತ ವಿಚಾರಿಸುತ್ತಾಳೆ. ಸಾಫ್ಟ್‌ವೇರ್ ಗೋ-ಲೈವ್ ಆದ ಮೇಲೆ ವಾರಗಟ್ಟಲೆ ಹೈಪರ್‌ಕೇರ್ ಅಂತ ನಿದ್ದೆಗೆಟ್ಟು ಕೂರುತ್ತೇವೆ. ಒಂದು ಪೇಮೆಂಟ್ ಪೇಜಿಗೆ ಇರುವ ಕಾಳಜಿ ಹನ್ನೊಂದು ವರ್ಷದ ಹುಡುಗನ ಲಿವರಿಗೆ ಇಲ್ಲ.

ತಂತ್ರಜ್ಞಾನ ಇಲ್ಲ ಅನ್ನುವ ನೆಪ ನಡೆಯುವುದಿಲ್ಲ. ಟೆಲಿಮೆಡಿಸಿನ್ ಮಾರ್ಗಸೂಚಿ 2020ರ ಮಾರ್ಚ್‌ನಲ್ಲೇ ಬಂತು. ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೂರದ ವೈದ್ಯರ ಜೊತೆ ಮಾತಾಡಿಸಲು ಇ-ಸಂಜೀವಿನಿ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್‌ನ 14416ಕ್ಕೆ ಮಧ್ಯರಾತ್ರಿಯೂ ಕರೆ ಮಾಡಬಹುದು, ಅದಕ್ಕೆ ಬೆನ್ನೆಲುಬು ನಮ್ಮ ನಿಮ್ಹಾನ್ಸ್. ಮನಸ್ಸಿನ ನೋವನ್ನೇ ಫೋನಲ್ಲಿ ಕೇಳಿಸಿಕೊಳ್ಳುವ ರಾಜ್ಯಕ್ಕೆ ಮಗುವಿನ ಊಟ-ಆಟ ವಿಚಾರಿಸೋದು ಕಷ್ಟವಾ?

ಹಾಗಂತ ಆ್ಯಪ್ ಒಂದನ್ನು ಕೈಗಿಟ್ಟು ಕೈತೊಳೆದುಕೊಳ್ಳೋದಲ್ಲ. ವಾಟ್ಸಾಪಲ್ಲಿ ಬೆಳಿಗ್ಗೆ 'ಡ್ರಿಂಕ್ ವಾಟರ್' ಅಂತ ಮೆಸೇಜು ಬಂದರೆ ಅದು ಫಾಲೋಅಪ್ ಅಲ್ಲ. ಎದುರು ಕೂತು ನೋಡುವುದಕ್ಕೆ ಫೋನು ಬದಲಿಯೂ ಅಲ್ಲ. ಎರಡು ಭೇಟಿಗಳ ನಡುವಿನ ಖಾಲಿ ಜಾಗಕ್ಕೆ ಅದು ಬೇಕು, ಅದೂ ಪ್ರತಿ ಸಲ ಅದೇ ದನಿಯಲ್ಲಿ, ಸಾಧ್ಯವಾದರೆ ತುಳುವಿನಲ್ಲಿ. ಅಮ್ಮನನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಿ ಹುಡುಗನ ಹತ್ತಿರವೇ ಮಾತಾಡಬೇಕು. ಇಲ್ಲದಿದ್ದರೆ ಅಡುಗೆಮನೆಯಿಂದ ಅಕ್ಕ ಪಿಸುಗುಟ್ಟಿದ್ದನ್ನೇ ಅವನು ಒಪ್ಪಿಸುತ್ತಾನೆ. ತಿಂಗಳಿಗೊಮ್ಮೆ ಉಪಕೇಂದ್ರದಲ್ಲಿ ತೂಕದ ಜೊತೆ ಎತ್ತರವನ್ನೂ ಅಳೆಯಬೇಕು. ಬೆಳೆಯುವ ಮಗುವಿಗೆ ಎಷ್ಟೋ ಸಲ ತೂಕ ಇಳಿಯಬೇಕಾಗಿಲ್ಲ, ಎತ್ತರ ಏರುವಾಗ ತೂಕ ನಿಂತರೆ ಅದೇ ಗೆಲುವು. ಈ ಒಂದು ಮಾತನ್ನು ಜುಲೈಯಲ್ಲಿ ಯಾರಾದರೂ ಹೇಳಿದ್ದರೆ ಹುಡುಗ ತಾನು ಸೋತೆ ಅಂತ ಬಿಟ್ಟುಬಿಡುತ್ತಿರಲಿಲ್ಲ.

"ಫೋನ್ ಮಾಡಿದ್ರೆ ಪೇರೆಂಟ್ಸ್ ಎತ್ತಲ್ಲ" ಅಂತ ಆಸ್ಪತ್ರೆಯವರು ಹೇಳಬಹುದು. ಕೆಲವರು ಎತ್ತುವುದಿಲ್ಲ, ನಿಜ. ಬೈಸಿಕೊಳ್ಳಲಿಕ್ಕೆ ಯಾರು ಎತ್ತುತ್ತಾರೆ?

ಈಗ ಆ ಕೆಲಸ ನನ್ನ ತಲೆಗೆ ಬಂದಿದೆ. ಅಳಿಯಕಟ್ಟಿನ ಊರಲ್ಲಿ ಮಾವನಿಗೆ ಜವಾಬ್ದಾರಿ ಜಾಸ್ತಿ ಅಂತ ಅಕ್ಕ ತಮಾಷೆ ಮಾಡುತ್ತಾಳೆ. ಪ್ರತಿ ಭಾನುವಾರ ಏಳು ಗಂಟೆಗೆ ವಿಡಿಯೋ ಕಾಲ್. ನಾನು ಡಯಟೀಷಿಯನ್ ಅಲ್ಲ, ಡಾಕ್ಟರೂ ಅಲ್ಲ, ಗೂಗಲ್ ನೋಡಿ ಮಾತಾಡುವವನು. ಕಳೆದ ವಾರ ಓಟ್ಸ್ ಹೊಡೆದುಹಾಕಿ ಗಂಜಿ, ಚಟ್ನಿ ಅಂತ ಬರೆಸಿದೆ. ಸರಿಯೋ ತಪ್ಪೋ ಕೇಳೋಣ ಅಂತ ಚಾರ್ಟಿನ ಕೆಳಗಿದ್ದ ನಂಬರಿಗೆ ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ ಅಂತ ಹೇಳಿ ಹೇಳಿ, ಕಟ್ ಆಯಿತು.