ಪ್ರಶ್ನೆಯನ್ನೇ ಬಚ್ಚಿಟ್ಟ ಪರೀಕ್ಷೆ

ಮರಾಠವಾಡದ ಮಾಕಣಿ, ಸಾಸ್ತೂರು, ಉಮರ್ಗಾ ಕಡೆಯ ರೋಗಿಗೆ ಕಾಯಿಲೆ ಕೈಮೀರಿದರೆ ಲಾತೂರು, ಸೊಲ್ಲಾಪುರ, ಕಲಬುರಗಿ ಅಥವಾ ಬೀದರಿನಂಥ ಊರಿನ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೇ ಗತಿ. ನಡುರಾತ್ರಿ ಅಲ್ಲಿ ವಾರ್ಡು ನೋಡಿಕೊಳ್ಳುವವರು ಪಿಜಿ ಓದುತ್ತಲೇ ದುಡಿಯುವ ರೆಸಿಡೆಂಟ್ ವೈದ್ಯರು. ಅವರನ್ನು ಆರಿಸುವ ನೀಟ್-ಪಿಜಿ ಪರೀಕ್ಷೆಯ ಮೇಲೆ ಯುವ ವೈದ್ಯರಿಗೆ ನಂಬಿಕೆ ಹೋಗಿದೆ. ಅವರ ಸಿಟ್ಟು ನ್ಯಾಯವಾದದ್ದು.

2024ರ ಜೂನ್ 23ರ ಪರೀಕ್ಷೆಯನ್ನು ಹಿಂದಿನ ರಾತ್ರಿ ಮುಂದೂಡಿದರು. ಆ ಹೊತ್ತಿಗೆ ಎರಡು ಲಕ್ಷಕ್ಕೂ ಮಿಕ್ಕ ವೈದ್ಯರಲ್ಲಿ ಎಷ್ಟೋ ಮಂದಿ ಊರು ಬಿಟ್ಟು ಪರೀಕ್ಷಾ ಕೇಂದ್ರದ ಊರು ತಲುಪಿದ್ದರು. ಆಗಸ್ಟ್ 11ರಂದು ಪರೀಕ್ಷೆ ನಡೆದದ್ದು ಎರಡು ಶಿಫ್ಟಿನಲ್ಲಿ, ಎರಡು ಬೇರೆ ಪ್ರಶ್ನೆಪತ್ರಿಕೆಗಳಲ್ಲಿ. ಎರಡನ್ನೂ ಸರಿದೂಗಿಸಲು ಒಂದು ಲೆಕ್ಕಾಚಾರ. 2025ರಲ್ಲೂ ಅದನ್ನೇ ಮಾಡಹೊರಟ, ಈ ಪರೀಕ್ಷೆ ನಡೆಸುವ ರಾಷ್ಟ್ರೀಯ ಪರೀಕ್ಷಾ ಮಂಡಳಿಯನ್ನು ಮೇ 30ರಂದು ಸುಪ್ರೀಂ ಕೋರ್ಟ್ ತಡೆಯಿತು. ಆಗಸ್ಟ್ 3ರಂದು ಎಲ್ಲರಿಗೂ ಒಂದೇ ಶಿಫ್ಟಿನಲ್ಲಿ ಪರೀಕ್ಷೆ ನಡೆಯಿತು. ಆಗದು ಎಂದಿದ್ದ ಕೆಲಸ ಎರಡೇ ತಿಂಗಳಲ್ಲಿ ಆಯಿತು!

ಇಷ್ಟಾದರೂ ಮುಚ್ಚುಮರೆ ನಿಲ್ಲಲಿಲ್ಲ. ಸರಿಯುತ್ತರ ಪ್ರಕಟಿಸಿ ಎಂದು ಕೋರ್ಟು ಹೇಳಿದ ಮೇಲೆ ಮಂಡಳಿ ಕೊಟ್ಟದ್ದೇನು? ಪ್ರಶ್ನೆಯ ಗುರುತಿನ ಸಂಖ್ಯೆ, ಅದರ ಮುಂದೆ ಸರಿಯುತ್ತರ. ಪ್ರಶ್ನೆ ಮಾತ್ರ ಇಲ್ಲ. ಪ್ರಶ್ನೆಯೇ ಕಾಣದೆ ಉತ್ತರ ತಪ್ಪೆಂದು ತಕರಾರು ಎತ್ತುವುದು ಹೇಗೆ? ಪ್ರಶ್ನೆ ಬಹಿರಂಗಪಡಿಸಿದರೆ ಪ್ರಶ್ನೆಗಳ ಸಂಗ್ರಹ ಬರಿದಾಗುತ್ತದೆ ಎಂಬ ಸಬೂಬನ್ನು ನಾನು ಒಪ್ಪುವುದಿಲ್ಲ. ಇದರ ಸುಮಾರು ಹತ್ತು ಪಟ್ಟು ಮಂದಿ ಬರೆಯುವ ಎಂಬಿಬಿಎಸ್ ಪ್ರವೇಶದ ನೀಟ್‌ನಲ್ಲಿ ಮಕ್ಕಳು ಪ್ರಶ್ನೆಪತ್ರಿಕೆಯನ್ನು ಮನೆಗೇ ಒಯ್ಯುತ್ತಾರೆ.

ಮರಾಠವಾಡದವರಿಗೆ ಈ ಮುಚ್ಚುಮರೆಯ ಮರ್ಮ ಬೇಗ ಅರ್ಥವಾಗಬೇಕು. ಮಹಾರಾಷ್ಟ್ರದ ವೈದ್ಯಕೀಯ ಸೀಟುಗಳಲ್ಲಿ 70:30ರ ಪ್ರಾದೇಶಿಕ ಕೋಟಾ ಇತ್ತು. ನೂರಕ್ಕೆ 70 ಸೀಟು ಆಯಾ ಭಾಗದವರಿಗೇ. ಕಾಲೇಜುಗಳೇ ಕಡಿಮೆ ಇದ್ದ ಮರಾಠವಾಡದ ಮಕ್ಕಳಿಗೆ ಅದು ಹೊಡೆತವಾಗಿತ್ತು. ಆದರೆ ನಿಯಮ ಬರಹದಲ್ಲಿತ್ತು, ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದಕ್ಕೇ ಜನ ಹೋರಾಡಿದರು, 2020ರ ಸೆಪ್ಟೆಂಬರಿನಲ್ಲಿ ಅದು ಹೋಯಿತು. ಕಾಣದ ಪ್ರಶ್ನೆಯ ಮೇಲೆ ಅಂಥ ಹೋರಾಟವೂ ಸಾಧ್ಯವಿಲ್ಲ.

ಮುಚ್ಚುಮರೆಯ ಜೊತೆಗೆ ವಿಳಂಬವೂ ಇದೆ, ಅದರ ಬೆಲೆ ತೆರುವವರು ರೋಗಿಗಳು. 2021ರ ಪರೀಕ್ಷೆಯ ಕೌನ್ಸೆಲಿಂಗ್ ಶುರುವಾದದ್ದು 2022ರ ಜನವರಿಯಲ್ಲಿ. ಕೋವಿಡ್ ಮೂರನೇ ಅಲೆ ಬಂದಾಗ ಆಸ್ಪತ್ರೆಗಳಲ್ಲಿ ಹೊಸ ರೆಸಿಡೆಂಟ್ ವೈದ್ಯರ ಇಡೀ ತಂಡವೇ ಇರಲಿಲ್ಲ. ಇನ್ನು ಸೀಟು ಖಾಲಿ ಉಳಿದಾಗ ಕಟ್-ಆಫ್ ಅನ್ನು ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದ 2023ರ ಕ್ರಮ ಪರಿಹಾರವೇ ಅಲ್ಲ, ಕೈಚೆಲ್ಲಿದ್ದು.

ಪ್ರಶ್ನೆಪತ್ರಿಕೆ, ಸರಿಯುತ್ತರ ಎರಡನ್ನೂ ಫಲಿತಾಂಶಕ್ಕೆ ಮೊದಲೇ ಪ್ರಕಟಿಸಲಿ, ತಕರಾರಿಗೆ ವಾರದ ಗಡುವು ಕೊಡಲಿ, ದಿನಾಂಕ ಗೊತ್ತುಮಾಡಿದರೆ ಅದಕ್ಕೆ ಬದ್ಧವಾಗಲಿ. ಲಾತೂರು, ಧಾರಾಶಿವ, ಬೀದರ, ಕಲಬುರಗಿಯ ಸಂಸದರು ಪಕ್ಷ ಬದಿಗಿಟ್ಟು ಲೋಕಸಭೆಯಲ್ಲಿ ಇಷ್ಟನ್ನು ಕೇಳಬೇಕು.