ಸಂಬಳ ಅವಳ ಕೈಗೇ ಸೇರಲಿ



ಹೆಂಗಸರ ದುಡಿಮೆಯಿಲ್ಲದೆ ನಮ್ಮ ಅಡುಗೆಮನೆಗಳು ಇಂದು ಒಂದು ದಿನವೂ ನಡೆಯಲಾರವು. ತರಕಾರಿ ಹೆಚ್ಚುವುದು, ಹಿಟ್ಟು ನಾದುವುದು, ಪಾತ್ರೆ ತೊಳೆಯುವುದು ಹೆಚ್ಚಾಗಿ ಅವರ ಪಾಲಿಗೇ ಬಂದಿದೆ. ನಮ್ಮ ಡೊಂಬಿವಲಿಯ ಪೋಳಿ-ಭಾಜಿ ಕೇಂದ್ರಗಳಂತೂ ಅವರ ಕೈಗುಣದಿಂದಲೇ ಹೆಸರು ಮಾಡಿವೆ. ಇವರಲ್ಲಿ ಒಬ್ಬಳು ಬೆಳಿಗ್ಗೆ ಮುಖ ಊದಿಸಿಕೊಂಡು ಬಂದರೆ "ಬಾತ್‌ರೂಮಿನಲ್ಲಿ ಜಾರಿ ಬಿದ್ದೆ" ಎನ್ನುತ್ತಾಳೆ. ಕೇಳಿದವರು ಅಲ್ಲಿಗೇ ಮಾತು ನಿಲ್ಲಿಸುತ್ತಾರೆ. ಮನೆಯೊಳಗಿನ ವಿಷಯ, ನಮಗೇಕೆ ಎಂಬ ಸಂಕೋಚ.

ಆದರೆ ಇದು ಯಾರೋ ಒಬ್ಬಿಬ್ಬರ ಮನೆಯ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಮದುವೆಯಾದ 18ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಗಂಡನ ಹಿಂಸೆಗೆ ಒಳಗಾದವರು ಮಹಾರಾಷ್ಟ್ರದಲ್ಲಿ ಶೇ. 25ರಷ್ಟು. ನಮ್ಮ ಕರ್ನಾಟಕದಲ್ಲಿ ಶೇ. 44ರಷ್ಟು! ಊರಿನ ಬಗ್ಗೆ ಹೆಮ್ಮೆಪಡುವ ನಾವು ಈ ಲೆಕ್ಕವನ್ನೂ ನಮ್ಮದೆಂದೇ ಒಪ್ಪಿಕೊಳ್ಳಬೇಕಾಗುತ್ತದೆ.

"ಅಷ್ಟು ಕಷ್ಟವಿದ್ದರೆ ಬಿಟ್ಟು ಬರಬಾರದೇ?" ಎಂದು ಕೇಳುವುದು ಸುಲಭ. ಬಿಟ್ಟು ಬಂದ ಮೇಲೆ ಮಲಗುವುದೆಲ್ಲಿ, ಮಕ್ಕಳಿಗೆ ಉಣಿಸುವುದೇನು? ಹೊಡೆಯುವ ಗಂಡ ಹೆಚ್ಚಾಗಿ ಹಣದ ಗಂಟನ್ನೂ ತಾನೇ ಹಿಡಿದಿರುತ್ತಾನೆ. ತಿಂಗಳು ಪೂರ್ತಿ ದುಡಿದವಳು ಅವಳಾದರೂ, ತಿಂಗಳ ಕೊನೆಗೆ ಗಲ್ಲಾದ ಎದುರು ಬಂದು ನಿಲ್ಲುವವನು ಅವನು. "ಅವಳ ಸಂಬಳದಲ್ಲಿ ಮುಂಗಡ ಕೊಡಿ ಸೇಟ್" ಎನ್ನುತ್ತಾನೆ. ಗಂಡನಲ್ಲವೇ ಎಂದು ಕೊಟ್ಟುಬಿಡುವ ಪದ್ಧತಿ ನಮ್ಮ ಉದ್ಯಮದಲ್ಲಿ ಇನ್ನೂ ಹೋಗಿಲ್ಲ. ಆ ಹಣದ ಜೊತೆಗೆ ಅವಳು ಹೊರಬರುವ ದಾರಿಯೂ ಅವನ ಕೈಸೇರುತ್ತದೆ ಎಂಬುದನ್ನು ನಾವು ಅರಿಯಬೇಕು.

ಅನ್ನ ಬೇಯಿಸುವ ಕೈಗೆ ಹಣವೂ ಸೇರಿದರೆ ಏನಾಗುತ್ತದೆ ಎಂಬುದನ್ನು ಮುಂಬಯಿ ಹಿಂದೆಯೇ ಕಂಡಿದೆ. ಗಿರಣಗಾಂವಿನಲ್ಲಿ ಮಿಲ್ ಕಾರ್ಮಿಕರಿಗೆ ಊಟ ಹಾಕುತ್ತಿದ್ದ ಖಾನಾವಳಿ ಹೆಂಗಸರು ಸಾಲಗಾರರ ಬಡ್ಡಿಯಲ್ಲಿ ಮುಳುಗಿದ್ದರು. 1975ರಲ್ಲಿ ಪ್ರೇಮಾ ಪುರವ್ ಅವರನ್ನು ಒಗ್ಗೂಡಿಸಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು, ಬ್ಯಾಂಕಿನ ಸಾಲ ಅವರ ಹೆಸರಿಗೇ ಸಿಗುವಂತೆ ಮಾಡಿದರು. 1982ರ ಮಿಲ್ ಮುಷ್ಕರದಿಂದ ಗಿರಾಕಿಗಳೇ ಇಲ್ಲದಂತಾದಾಗಲೂ ಮಂಡಲ ನಿಲ್ಲಲಿಲ್ಲ. ಕೇಟರಿಂಗ್‌ಗೆ ಕೈಹಾಕಿತು, ನಮ್ಮ ಪಕ್ಕದ ವಾಶಿಯಲ್ಲೂ ಕೇಂದ್ರ ಕಟ್ಟಿತು. 2002ರಲ್ಲಿ ಪುರವ್ ಅವರಿಗೆ ಪದ್ಮಶ್ರೀ ಬಂತು. ಇದೆಲ್ಲ ನಡೆದದ್ದು ದಾನದಿಂದಲ್ಲ, ನಮ್ಮದೇ ಕಸುಬಾದ ಅಡುಗೆಯಿಂದ.

ನಮ್ಮ ಹಿರಿಯರ ಕಥೆಯೂ ಬೇರೆಯಲ್ಲ. ಊರಿನಿಂದ ಬರಿಗೈಯಲ್ಲಿ ಓಡಿಬಂದ ಹುಡುಗರಿಗೆ ಹೋಟೆಲ್‌ಗಳು ಊಟ ಕೊಟ್ಟವು, ಮಲಗಲು ಜಾಗ ಕೊಟ್ಟವು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಲು ಬಿಟ್ಟವು. ಲೋಟ ತೊಳೆದ ಹುಡುಗರು ಮುಂದೆ ಮಾಲಕರಾದರು. ಮನೆ ಬಿಟ್ಟು ಬಂದವರನ್ನು ನೆಲೆ ನಿಲ್ಲಿಸುವುದು ಈ ಉದ್ಯಮಕ್ಕೆ ಗೊತ್ತಿರುವ ವಿದ್ಯೆಯೇ. ಅದು ಈಗ ಹೆಂಗಸರಿಗೂ ಸಲ್ಲಲಿ.

ಹಾಗಾದರೆ ಮಾಲಕರಾದವರು ಏನು ಮಾಡಬಹುದು? ಮೊದಲನೆಯದು, ಸಂಬಳ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಹೋಗಲಿ. ಖಾತೆ ಇಲ್ಲದಿದ್ದರೆ ಜನಧನ್ ಖಾತೆ ತೆರೆಯಲು ಮ್ಯಾನೇಜರರು ಜೊತೆಗೆ ಹೋಗಲಿ. ಗಂಡ ಬಂದು ಕೇಳಿದರೆ "ದುಡಿದವರಿಗೆ ಮಾತ್ರ ಕೊಡುವುದು ಇಲ್ಲಿನ ನಿಯಮ" ಎಂದರೆ ಸಾಕು. ನಿಯಮ ಎಲ್ಲರಿಗೂ ಒಂದೇ ಎಂದಾದಾಗ ಸಿಟ್ಟು ಅವಳ ಮೇಲೆ ತಿರುಗುವುದು ಕಡಿಮೆ.

ಎರಡನೆಯದು, ಕೆಲಸದಲ್ಲಿ ಮೇಲೇರುವ ದಾರಿ. ಪಾತ್ರೆ ತೊಳೆಯಲು ಬಂದವಳು ಹತ್ತು ವರ್ಷವಾದರೂ ಅಲ್ಲೇ ಉಳಿಯಬಾರದು. ದೋಸೆ ಕಾವಲಿ, ಸ್ಟೋರ್, ಬಿಲ್ಲಿಂಗ್ ಕಲಿಯಲಿ. ಮನೆಯಿಂದಲೇ ಚಪಾತಿ, ಹೋಳಿಗೆ, ಚಕ್ಕುಲಿ ಮಾಡಿಕೊಡುವವಳಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಟ್ಟು ನಾವೇ ಖಾಯಂ ಗಿರಾಕಿಗಳಾಗೋಣ.

ಮೂರನೆಯದು, ಮಾಲಕರು ಪಂಚಾಯಿತಿ ಕಟ್ಟೆ ಹತ್ತುವುದು ಬೇಡ. ಗಂಡನನ್ನು ಕರೆಸಿ ಬುದ್ಧಿ ಹೇಳಿ, ಇಬ್ಬರನ್ನೂ ಒಟ್ಟಿಗೆ ಕಳುಹಿಸಿದರೆ ಆ ರಾತ್ರಿಯ ಪೆಟ್ಟು ತಿನ್ನುವವಳು ಅವಳೇ. ಅವಳ ಹೊಸ ವಿಳಾಸ, ಡ್ಯೂಟಿಯ ಹೊತ್ತು ಯಾರು ಕೇಳಿದರೂ ಹೊರಬೀಳಬಾರದು.

"ಗಂಡ ಬಂದು ಹೋಟೆಲ್ ಎದುರು ಗಲಾಟೆ ಮಾಡಿದರೆ ವ್ಯಾಪಾರದ ಗತಿಯೇನು?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನಿನಲ್ಲಿ ಉತ್ತರವಿದೆ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಈ ಕಾನೂನಿನ ಪ್ರಕಾರ, ಅವಳು ದುಡಿಯುವ ಜಾಗಕ್ಕೆ ಅವನು ಬರಕೂಡದೆಂದು ಮ್ಯಾಜಿಸ್ಟ್ರೇಟರು ಆದೇಶ ನೀಡಬಹುದು. ಮೀರಿದರೆ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹಣ ಕಸಿದು ಬರಿಗೈ ಮಾಡುವುದೂ ಹಿಂಸೆಯೇ ಎಂದು ಈ ಕಾನೂನು ಹೇಳುತ್ತದೆ. ಫ್ಲಾಟ್ ಮಾವನ ಹೆಸರಿನಲ್ಲಿದ್ದರೂ ಸಂಸಾರ ಮಾಡಿದ ಮನೆಯಲ್ಲಿ ವಾಸದ ಹಕ್ಕು ಸೊಸೆ ಕೇಳಬಹುದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಹಿಂಸೆ ನಡೆಯುತ್ತಿದೆಯೆಂದು ತಿಳಿದ ಯಾರೇ ಆದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಹೊಣೆ ಬರುವುದಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಸರಕಾರಿ ಕಾನೂನು ನೆರವು ಉಚಿತ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಈ ಎರಡು ನಂಬರುಗಳನ್ನು ಅಡುಗೆಮನೆಯ ಗೋಡೆಯಲ್ಲಿ ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆದು ಹಚ್ಚಲು ಎಷ್ಟು ಖರ್ಚು?

ಮನೆಯಲ್ಲಿ ಪೆಟ್ಟು ತಿಂದು ಬಂದವಳಿಗೆ ನಮ್ಮಲ್ಲಿ ಬೇರೆ ಕಾಟ ಕಾಯುತ್ತಿರಬಾರದು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾನೂನು ವಿಧಿಸಿದೆ. ಅದು ಕಾಗದದಲ್ಲಿ ಮಾತ್ರ ಉಳಿಯದಿರಲಿ.

ಇನ್ನು ಉಳಿದದ್ದು ಸೂರು. ಗಂಡಸರಿಗೆ ನಾವು ಕೋಣೆ ಕೊಡುತ್ತೇವೆ, ಹೆಂಗಸರಿಗೆ ಅದು ಹೊಂದುವುದಿಲ್ಲ. ಡೊಂಬಿವಲಿಯಲ್ಲಿ ಒಂದು ಕೋಣೆ ಹಿಡಿಯಬೇಕಾದರೂ ಡಿಪಾಸಿಟ್ ಮುಂಚಿತವಾಗಿ ಕೊಡಬೇಕು, ಅಲ್ಲಿಗೇ ಎಷ್ಟೋ ಮಂದಿ ಹಿಂದೆ ಸರಿಯುತ್ತಾರೆ. ನಮ್ಮ ಸಂಘವು ಇದಕ್ಕಾಗಿ ಒಂದು ಸಣ್ಣ ನಿಧಿ ಇಟ್ಟು, ಡಿಪಾಸಿಟ್ ಹಣವನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಟ್ಟು, ಸಂಬಳದಿಂದ ಸ್ವಲ್ಪ ಸ್ವಲ್ಪವಾಗಿ ತೀರಿಸಿಕೊಳ್ಳಬಹುದು. ಮುಂದಿನ ಮಹಾಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ. ಸಭೆ ಸೇರುವ ತನಕ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಈ ತಿಂಗಳ ಸಂಬಳವನ್ನು ದುಡಿದವಳ ಖಾತೆಗೇ ಹಾಕೋಣ.